ಬುನ್‌ಲೂ ಮೇಷ್ಟ್ರು ಮುಚ್ಚಿಡದ ಮಾತು

ಪೂಜ್ಯ ಭಿಕ್ಷುಗಳಿಗೆ ವಂದನೆ. ರತ್ಸಮಿ ಅಕ್ಕ, ಮನೆಯವರೇ, ನಮ್ಮ ಶಾಲೆಯ ಗುರುಗಳೇ, ಆಸ್ಪತ್ರೆಯಿಂದ ಬಂದವರೇ, ಮಕ್ಕಳೇ — ಬುನ್‌ಲೂ ಮೇಷ್ಟ್ರನ್ನು ಕೊನೆಯ ಸಲ ಕಳಿಸಿಕೊಡಲು ಬಂದ ಎಲ್ಲರಿಗೂ ನಮಸ್ಕಾರ.

ನಾನು ಮಾಲಿವನ್, ಗಣಿತದ ಟೀಚರ್. ಸ್ಟಾಫ್ ರೂಮಿನಲ್ಲಿ ಬುನ್‌ಲೂ ಮೇಷ್ಟ್ರ ಪಕ್ಕದ ಕುರ್ಚಿ ನನ್ನದು. ಅವರು ಆಟದ ಮೇಷ್ಟ್ರು. ಮೈದಾನದಿಂದ ಬಂದವರೇ ಬೆವರಿನ ಟವೆಲ್ಲನ್ನು ನನ್ನ ಉತ್ತರಪತ್ರಿಕೆಗಳ ಮೇಲೆ ಹರಡುತ್ತಿದ್ದರು — ಹೀಗೆ! ಬೈದರೆ, "ನಿನ್ನ ಮಕ್ಕಳ ಮಾರ್ಕ್ಸು ನೋಡಿ ಟವೆಲ್ಲೇ ಅಳ್ತಿದೆ, ತಂಗೀ" ಅನ್ನೋರು.

ಹೋದ ವರ್ಷ ಅವರ ಕಣ್ಣು ಹಳದಿಯಾಯಿತು. ಪಿತ್ತನಾಳದ ಕ್ಯಾನ್ಸರ್. ಆಗಲೇ ಹರಡಿಬಿಟ್ಟಿತ್ತು. ನಮ್ಮ ಖೊನ್ ಕೇನ್ ಸೀಮೆಯಲ್ಲಿ ಈ ಕಾಯಿಲೆಯ ಹೆಸರು ಕೇಳದ ಮನೆಯಿಲ್ಲ — ಹಸಿ ಮೀನಿನ ಹುಳದಿಂದಲೇ ಬರುತ್ತದೆ, ತಿನ್ನಬೇಡಿ ಅಂದರೆ ಕೇಳುವ ಮನೆಯೂ ಇಲ್ಲ. ಇದ್ದ ಔಷಧಿಗಳೆಲ್ಲ ಸೋತವು. ಆಗ ಡಾಕ್ಟರ್ ಪಿಮ್‌ಜೈ ಒಂದು ಹೊಸ ಮಾತ್ರೆಯ ವಿಷಯ ತೆಗೆದರು.

"ಮನುಷ್ಯರಿಗೆ ಇದನ್ನ ಕೊಡ್ತಿರೋದು ಇದೇ ಮೊದಲು ಮೇಷ್ಟ್ರೇ. ದೇಹ ಎಷ್ಟು ತಡಕೊಳ್ಳುತ್ತೆ ಅಂತ ನೋಡ್ತಿದ್ದೀವಿ. ಗುಣ ಆಗುತ್ತೆ ಅಂತ ನಾನು ಹೇಳಲ್ಲ. ಬೇಡ ಅನ್ನಿಸಿದ ದಿನ ಬಿಟ್ಟುಬಿಡಬಹುದು."

ಮೇಷ್ಟ್ರ ಹೆಂಡತಿ ರತ್ಸಮಿ ಅಕ್ಕ ಸಿಡಿದೆದ್ದರು: "ನೀವೇನು ಇಲಿನಾ?"

"ಇಲಿಗೆ ಕೊಟ್ಟು ಮುಗಿದಿದೆಯಂತೆ ಕಣೇ. ಈಗ ನನ್ನ ಸರದಿ."

ಒಮ್ಮೆಗೆ ಕೆಲವೇ ಮಂದಿ. ಅವರ ದೇಹ ತಡಕೊಂಡರೆ, ಮುಂದಿನವರಿಗೆ ಇನ್ನಷ್ಟು ಜಾಸ್ತಿ ಪ್ರಮಾಣ — ಪರೀಕ್ಷೆ ನಡೆಯುವುದು ಹಾಗೆ. ಮೇಷ್ಟ್ರು ಮೂರನೆಯ ಗುಂಪು. ಮಾತ್ರೆ ಶುರುವಾಗಿ ಕೆಲವು ವಾರಕ್ಕೆ ಸ್ಕ್ಯಾನ್ ಮಾಡಿದರು. ಗಡ್ಡೆ ಸ್ವಲ್ಪ — ಸ್ವಲ್ಪವೇ — ಕುಗ್ಗಿತ್ತು. ಅಯ್ಯೋ, ಆ ದಿನ! ಸ್ಟಾಫ್ ರೂಮಿಗೆಲ್ಲ ಸುಟ್ಟ ಕೋಳಿ, ಅಂಟು ಅಕ್ಕಿಯ ಅನ್ನ. ಅಕ್ಕ ತಾವೇ ಎಲ್ಲರಿಗೂ ಬಡಿಸಿದರು.

ಅದೇ ಖುಷಿಯಲ್ಲಿ ಮೇಷ್ಟ್ರು ಮತ್ತೆ ಮೈದಾನಕ್ಕಿಳಿದರು. ಮಕ್ಕಳು ಒದ್ದ ಬೆತ್ತದಿಂದ ಹೆಣೆದ ಚೆಂಡು ಬಲೆ ದಾಟಿ ಬಂತು. ಮೇಷ್ಟ್ರು ಕಾಲೆತ್ತಲಿಲ್ಲ. ನೇರ ಎದೆಗೇ ಬಡಿಯಿತು. ನಾನು ಓಡಿದೆ — "ಕಾಣ್ಲಿಲ್ವಾ ಅಣ್ಣ?"

"ಕಂಡಿತು. ಎರಡು ಕಂಡಿತು. ಯಾವುದನ್ನ ಒದೀಲಿ?"

ಮಕ್ಕಳು ನಕ್ಕರು. ಮೇಷ್ಟ್ರು ನನ್ನ ಕಿವಿಯಲ್ಲಿ ಹೇಳಿದರು: "ನೋಟದ ನಡುವೆ ಹೊಗೆ ಕಟ್ಟಿದ ಹಾಗಿದೆ ತಂಗೀ. ಮಾತ್ರೆದೇ ಇರಬೇಕು."

ಸ್ಕೂಟರಿನಲ್ಲಿ ಮನೆಗೆ ಬಿಟ್ಟೆ. ಮುಂದಿನದನ್ನು ಅಕ್ಕನ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಅಕ್ಕ ಮೇಷ್ಟ್ರ ಎರಡೂ ಕೈ ಹಿಡಿದುಕೊಂಡರು. "ಡಾಕ್ಟರಿಗೆ ಹೇಳಬೇಡಿ. ಹೇಳಿದ್ರೆ ಮಾತ್ರೆ ನಿಲ್ಲಿಸ್ತಾರೆ. ಕಣ್ಣು ಹೋದ್ರೆ ಹೋಗ್ಲಿ, ನಾನು ಕೈಹಿಡಿದು ನಡೆಸ್ತೀನಿ. ನೀವು ಇದ್ರೆ ಸಾಕು."

ಮೇಷ್ಟ್ರು ಕೈ ಬಿಡಿಸಿಕೊಳ್ಳಲಿಲ್ಲ. ಹಾಗೇ ಹಿಡಿದುಕೊಂಡು ಅಂದರು —

"ನನಗೇನೂ ಆಗಿಲ್ಲ ಅಂದ್ರೆ, ನನ್ನ ಹಿಂದೆ ಬರೋರಿಗೆ ಇದಕ್ಕಿಂತ ಜಾಸ್ತಿ ಕೊಡ್ತಾರೆ ಕಣೇ. ಅವರ ಮನೇಲೂ ಒಬ್ಬಳು ರತ್ಸಮಿ ಇರ್ತಾಳೆ."

ಮರುದಿನವೇ ಹೋಗಿ ಹೇಳಿದರು. ಡಾಕ್ಟರು ಕಣ್ಣು ಪರೀಕ್ಷಿಸಿ ಮಾತ್ರೆ ನಿಲ್ಲಿಸಿದರು. ದೃಷ್ಟಿ ನಿಧಾನಕ್ಕೆ ತಿಳಿಯಾಯಿತು. ಗಡ್ಡೆ — ಅದು ಮತ್ತೆ ಬೆಳೆಯಿತು. ಅವರ ಗುಂಪಿನ ಇನ್ನೊಬ್ಬರಿಗೂ ಕಣ್ಣು ಹಾಗೇ ಮಂಜಾಗಿತ್ತಂತೆ. ಆದ್ದರಿಂದ ಪ್ರಮಾಣ ಇಳಿಸಿದರು. ಆಮೇಲೆ ಬಂದವರಿಗೆ ಕೊಡುತ್ತಿರುವುದು ಕಡಿಮೆಯದನ್ನೇ. ಅದು ಕ್ಯಾನ್ಸರನ್ನು ಗೆಲ್ಲುತ್ತದೋ ಇಲ್ಲವೋ, ಡಾಕ್ಟರಿಗೂ ಇನ್ನೂ ಗೊತ್ತಿಲ್ಲ. ನಾನು ಬಣ್ಣ ಹಚ್ಚುವುದಿಲ್ಲ.

ಕೊನೆಯ ಸಲ ನೋಡಲು ಹೋದಾಗ ಜಗಲಿಯಲ್ಲಿ ಮಲಗಿದ್ದರು. ತಡೆಯಲಾರದೆ ಕೇಳಿದೆ, "ಹೇಳಿದ್ದಕ್ಕೆ ಬೇಜಾರಿದೆಯಾ ಅಣ್ಣ?"

"ಇಲ್ಲ ಅಂದ್ರೆ ಸುಳ್ಳಾಗುತ್ತೆ," ಅಂದರು. "ಮಾತ್ರೆ ನಿಲ್ಲಿಸಿದ ದಿನ ಬಸ್ಸಲ್ಲಿ ಅಳು ಬಂತು. ಇವಳಿಗೆ ಕಾಣಬಾರದು ಅಂತ ಕಿಟಕಿ ಕಡೆ ತಿರುಗಿದೆ. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ನೋಡ್ತೀನಿ — ಇವಳು ಆ ಕಡೆ ಕಿಟಕಿಗೆ ತಿರುಗಿದ್ದಾಳೆ."

ಹೇಳುತ್ತಾ ನಕ್ಕರು. ಒಳಗೆ ಅಕ್ಕನೂ ನಕ್ಕಿದ್ದು ಕೇಳಿಸಿತು.

ಬೆಳಿಗ್ಗೆಯಿಂದ ಇಲ್ಲಿ ಮೇಷ್ಟ್ರನ್ನು ತ್ಯಾಗಿ ಅಂದಿರಿ, ಮಹಾತ್ಮ ಅಂದಿರಿ. ಅನ್ನಿ. ನನ್ನ ಕಣ್ಣಿಗೆ ಮಾತ್ರ ಆ ಬಸ್ಸೇ ಕಟ್ಟಿದೆ. ಅವರಿಗೆ ಬದುಕಬೇಕಿತ್ತು — ತುಂಬಾ ಬದುಕಬೇಕಿತ್ತು. ಆದರೂ ಹೇಳಿದರು.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲೋಣ. ಮಕ್ಕಳೇ, ನೀವೂ. ಅಕ್ಕ, ನೀವು ಕೂತೇ ಇರಿ — ಏನು? — ಹಾಂ, ಸರಿ. ಡಾಕ್ಟರ್ ಪಿಮ್‌ಜೈ, ಕಂಬದ ಹಿಂದೆ ನಿಲ್ಲಬೇಡಿ ಅಮ್ಮಾ. ಮುಂದೆ ಬನ್ನಿ. ಅಕ್ಕ ತಮ್ಮ ಪಕ್ಕಕ್ಕೆ ಕರೀತಿದ್ದಾರೆ.

ಬಂದರಾ? — ಕೈ ಹಿಡಿದುಕೊಳ್ಳಿ.

ಇನ್ನು ಮೌನವಾಗಿರೋಣ.