ದರ ಇಳಿದ ಗುಳಿಗೆ

...ಅಲ್ದಾ ದೇವಾನಂದಣ್ಣ, ಅದ್ರಲ್ಲಿ ನಗುದೆಂತಕ್ಕೆ? ನಿಮ್ಮ ಔಷಧದಂಗಡಿಗೆ ಬಂದು ಜನ ಕಡಿಮೆ ಮಾಡಿ ಅಂತ ಗೋಗರೀತಾರೆ. ನಾನು ಜಾಸ್ತಿ ದರದ್ದೇ ಕೊಡಿ ಅಂತ ಕೇಳ್ತೆ. ಈ ವೈಜಯಂತಿಯಂಥ ಗಿರಾಕಿ ಇಡೀ ಹಬ್ಬುವಾಡದಲ್ಲಿ ಇನ್ನೊಬ್ಬಳು ಸಿಕ್ಕಿದ್ರೆ ಹೇಳಿ, ನಾಳೆ ಪುಕ್ಕಟೆ ಬಂಗಡೆ ಮೀನು ಹಾಕ್ತೆ.

ಹಾಂ, ಅದೇ. ನಮ್ಮ ಕಿಶೋರನ ಅಪ್ಪನ ಫಿಟ್ಸಿನ ಗುಳಿಗೆ. ಮೊದಲು ಕೊಡ್ತಿದ್ರಲ್ಲ, ಆ ದರದ್ದು. ಹೋದ ಸಲದ ಈ ಅಗ್ಗದ್ದು ನಂಗೆ ಬೇಡ.

ಆ ಪೇಪರು ತೋರಿಸಬೇಡಿ, ನಂಗೆ ಓದ್ಲಿಕ್ಕೆ ಬರುದಿಲ್ಲ. ಸರ್ಕಾರ ದರ ಇಳಿಸ್ತು ಅಂತೀರಿ. ಎಂತಕ್ಕೆ ಇಳಿಸ್ತು? ನಾನು ಮೀನು ಮಾರಿಯೇ ತಲೆ ಬೆಳ್ಳಗಾದವಳು. ಬೆಳಿಗ್ಗೆ ಮೀನಿನ ಕಿವಿರು ಕೆಂಪಗಿರ್ತದೆ, ನಾನು ಹೇಳಿದ್ದೇ ದರ. ಮಧ್ಯಾಹ್ನ ಆಯ್ತು, ಕಿವಿರು ಕಪ್ಪಾಯ್ತು, ಆಗ ಇಳಿಸ್ತೆ. ತಾಜಾ ಮಾಲಿನ ದರ ಯಾರಾದ್ರೂ ಇಳಿಸ್ತಾರಾ? ನಿಮ್ಮ ಹೆಂಡತಿ ಸುಗಂಧಕ್ಕ ಬೇಕಂತಲೇ ಹೊತ್ತು ಇಳಿದ ಮೇಲೆ ಬರ್ತಾರೆ. ಕೊಡ್ತೆ. ಆದ್ರೆ ಇವತ್ತೇ ಹುರಿದುಬಿಡಿ ಅಂತ ಹೇಳಿಯೇ ಕೊಡ್ತೆ. ನೀವು ಹೇಳದೇ ಕೊಟ್ರಿ, ಅಷ್ಟೇ ನನ್ನ ಸಿಟ್ಟು.

ತಾರೀಕಾ? ಇನ್ನೂ ಬಾಳ ಉಂಟಾ? ಬರೆದದ್ದನ್ನೆಲ್ಲ ನಂಬುದಾದ್ರೆ ನಾನೂ ನಾಳೆಯಿಂದ ಮೀನಿನ ಮೇಲೆ ತಾರೀಕು ಬರೀತೆ.

...ಎಂತಂದ್ರಿ? ಮದ್ದು ಅದೇ, ಕಂಪನಿ ಅದೇ? ಕಂಪನಿಯವರು ಮನಸ್ಸಿಗೆ ಬಂದ ದರ ಹಾಕ್ತಿದ್ರು, ಸರ್ಕಾರ ಇದಕ್ಕಿಂತ ಮೇಲೆ ಮಾರಬೇಡಿ ಅಂತು... ಹೌದ್ರಾ? ಹಾಗೂ ಉಂಟಾ? ಸರ್ಕಾರಕ್ಕೆ ನಮ್ಮ ನೆನಪಾಯ್ತು ಅಂತ ನಂಗೆ ಹೇಗೆ ಗೊತ್ತಾಗ್ಬೇಕು? ಇದು ಓಟಿನ ವರ್ಷವೂ ಅಲ್ಲ.

ನಗಿ, ನಗಿ.

ಹೌದು, ಸ್ಟ್ರಿಪ್ಪಿನಲ್ಲಿ ಒಂದೂ ಒಡೆದಿಲ್ಲ. ಹಾಗಿದ್ರೆ ಅಲ್ದಾ ನೀವು ವಾಪಸು ತಗೊಳ್ಳುದು? ...ಇಷ್ಟು ದಿನ ಅವರು ಎಂತ ತಗೊಂಡ್ರು ಅಂದ್ರೆ? ಹಳೇದು ಇತ್ತು. ಸ್ವಲ್ಪ ಇತ್ತು. ಹಾಗೆಂತಕ್ಕೆ ನೋಡ್ತೀರಿ? ಕನ್ನಡಕ ಯಾಕೆ ತೆಗೆದ್ರಿ?

ಅವರು ಆರಾಮಿದ್ದಾರೆ. ಮಲಗಿದ್ದಾರೆ. ಹಗಲು ಮಲಗಬಾರದು ಅಂತ ಉಂಟಾ? ದೋಣಿಗೆ ಹೋಗ್ಲಿಲ್ಲ, ಸಮುದ್ರ ಜೋರಿತ್ತು... ಇಲ್ಲ, ಜೋರಿರಲಿಲ್ಲ. ನೀವೂ ನೋಡಿದ್ದೀರಲ್ಲ.

ಈಗಷ್ಟೇ ನಗ್ತಿದ್ರಿ.

...ಬೆಳಿಗ್ಗೆ ದೋಣಿ ತಳ್ಳುವಾಗ ಬಿದ್ರು. ನೀರಿಗೇ ಬಿದ್ರು, ಮುಖ ಕೆಳಗಾಗಿ. ಕಿಶೋರ ಎಳೆದು ತಂದ. ಎಷ್ಟೋ ವರ್ಷದಿಂದ ಬಂದಿರಲಿಲ್ಲ ಆ ಫಿಟ್ಸು. ಆಸ್ಪತ್ರೆಯಲ್ಲಿ ಡಾಕ್ಟ್ರು, ಗುಳಿಗೆ ತಪ್ಪಿಸಿದ್ರಾ ಅಂತ ಕೇಳಿದ್ರು. ಇಲ್ಲ ಅಂದೆ. ಅವರೂ ಮಲಗಿದಲ್ಲಿಂದಲೇ ಇಲ್ಲ ಅಂದ್ರು. ಅವರು ಸುಳ್ಳು ಹೇಳಿದ್ದಲ್ಲ, ಅವರಿಗೆ ಗೊತ್ತೇ ಇಲ್ಲ... ಹಳಸಿದ್ದು ತಿನ್ನಿಸುದು ಹೇಗೆ ಅಂತ, ಸೊಸೆಯ ಶಕ್ತಿ ಗುಳಿಗೆ ಇತ್ತಲ್ಲ, ಅದನ್ನೇ ಕೊಡ್ತಿದ್ದೆ. ದರ ಏರಿ ತಾಜಾ ಮಾಲು ಬರುವವರೆಗೆ ಅಂತ.

ದಿನಾ ಊಟ ಆದ ಮೇಲೆ ನಾನೇ ಕೊಡುದು. ಅವರು ನೋಡುದೇ ಇಲ್ಲ ದೇವಾನಂದಣ್ಣ. ಕೈ ಚಾಚ್ತಾರೆ, ನಾನು ಇಟ್ಟದ್ದನ್ನು ನುಂಗ್ತಾರೆ.