ಅತ್ತೆಯ ಲಿಫ್ಟು, ಸೊಸೆಯ ವಕೀಲಿ

ಗ್ರಾಹಕ ಆಯೋಗದ ಎದುರಿನ ನಿಲ್ದಾಣದಲ್ಲಿ ನಾರಾಯಣಗೂಡದ ಬಸ್ಸು ಕಾಯುತ್ತಿದ್ದಾಗ ಸುತ್ತಲಿನ ತೆಲುಗಿನ ನಡುವೆ ಪಕ್ಕದಲ್ಲಿ ಕನ್ನಡ ಕೇಳಿಸಿತು. ಗೆದ್ದ ಮುಖದ ಅತ್ತೆ. ವಕೀಲರ ಕರಿ ಕೋಟನ್ನು ಮಡಿಸಿ ಹಿಡಿದ ಸೊಸೆ.

“ಮಾತು ಕೊಟ್ಟಂಗ ಲಿಫ್ಟ್ ಕೂಡಸು ಅಂತ ಬಿಲ್ಡರಗ ಆರ್ಡರ್ ಆತಲ್ಲ, ಅಮಿತಾ! ಇನ್ನ ನಾಕನೇ ಅಂತಸ್ತಿನಿಂದ ನಾನೂ ದಿನಾ ಕೆಳಗ ಇಳೀತೀನಿ.”

“ಭಾಳ ಛಲೋ ಆತ್ರಿ, ಅತ್ತಿ. ಆದ್ರ ಮನ್ಯಾಗ ವಕೀಲ ಸೊಸಿನ್ನ ಇಟ್ಕೊಂಡು ನೀವ ವಾದ ಮಾಡಿದ್ರಿ. ನಮ್ಮ ಗೆಳತ್ಯಾರು ನಗಾಕತ್ತಾರ.”

“ಇಲ್ಲಿ ವಕೀಲರು ಬೇಕಂತೇನಿಲ್ಲ ಅಂತ ಹೇಳಿದಾಕಿ ನೀನ.”

“ಹೇಳಬಾರದಿತ್ರಿ.”

“ನನ್ನ ವಾದ ಏನ್ ಬಂತು? ಜಾಗಾ ನೋಡ್ಕೊಂಡು ಬರ್ರಿ ಅಂತ ಆಯೋಗದವರು ಒಬ್ಬರನ್ನ ಕಳಿಸಿದ್ರಲ್ಲ, ಅವರು ಕೆಳಗಿಂದನ ನೋಡಿ ಹೊಂಟಿದ್ರು. ಮ್ಯಾಲ ಬರ್ರಿ, ಚಾ ಕುಡದು ಹೋಗೀರಂತ ಅಂದೆ.”

“ಪಾಪ, ಹತ್ತಿ ಬಂದವರಿಗೆ ಚಾ ಬ್ಯಾಡ ಅನ್ನಾಕೂ ಉಸರಿರಲಿಲ್ಲ.”

“ಅದಕ್ಕ ವರದಿ ಅಷ್ಟು ಛಂದ ಬರದ್ರು!”

ಇಬ್ಬರೂ ನಕ್ಕರು. ಸೊಸೆಯೇ ಮೊದಲು ನಗು ನಿಲ್ಲಿಸಿದಳು.

“ಬಿಲ್ಡರ್ ಅಪೀಲಿಗೆ ಹೋಗ್ತಾನಂತ್ರಿ. ಅಲ್ಲಿ ಗೆಲ್ಲೂತನಕಾ ಲಿಫ್ಟ್ ಬರೂದಿಲ್ಲ.”

ಅತ್ತೆ ಸೊಸೆಯ ಕೈಯಲ್ಲಿದ್ದ ಕರಿ ಕೋಟಿನ ಮಡಿಕೆ ಸರಿ ಮಾಡಿದರು.

“ಹೋಗ್ಲಿ. ಅಲ್ಲಿ ನೀನ ನಿಲ್ಲು.”

“ಖರೇನ್ರಿ?”

“ಖರೇನ. ನಾ ಹಿಂದ ಕೂಡ್ತೀನಿ. ಆಕಿ ನಮ್ಮ ಸೊಸಿ ಅಂತ ಬಾಜೂದವರಿಗೆ ಹೇಳಾಕ ಯಾರರ ಬೇಕಲ್ಲ.”

ಬಸ್ಸು ಬಂದಿತು. ಸೊಸೆ ಮೊದಲು ಹತ್ತಿದಳು. ಅವಳು ಕೇಳುವ ಮೊದಲೇ ಅತ್ತೆ ಅವಳ ಕೈಗೆ ಕೈ ಕೊಟ್ಟು ಹತ್ತಿದರು.