ಯಾರ ಹೆಸರಿಗೆ?

ನಗೋರು ಈಗಲೇ ನಕ್ಕುಬಿಡಿ. ನಡುವೆ ಯಾರಾದ್ರೂ ಕಿಸಕ್ ಅಂದ್ರೆ ನಾನು ಅಲ್ಲಿಗೇ ನಿಲ್ಲಿಸಿಬಿಡ್ತೀನಿ.

ಇದು ನಮ್ಮ ದೊಡ್ಡಮ್ಮನ ಮಗಳಿಗೆ ಆಗಿದ್ದು. ಆಫೀಸಿಂದ ಒಬ್ಬಳೇ ನಡೆದು ಬರ್ತಿದ್ದಳು, ಬಹಳ ಹೊತ್ತಾಗಿತ್ತು. ಅವಳ ಬೀದಿ ತಿರುವಲ್ಲಿ ಕಬ್ಬಿಣದ ಜಾಲರಿ ಮುಚ್ಚಿದ ಹಳೇ ಬಾವಿ ಇದೆ. ಅವಳಿಗೆ ಭಯವೇನೂ ಇರಲಿಲ್ಲ. ಹೊಟ್ಟೆಕಿಚ್ಚಿತ್ತು. ಅದು ತುಂಬಿಕೊಂಡಿದ್ರೆ ಭಯಕ್ಕೆ ಜಾಗ ಎಲ್ಲಿ?

ಕಿಚ್ಚು ಪಕ್ಕದ ಮೇಜಿನವನ ಮೇಲೆ. ಅವನನ್ನ ಎಲ್ಲರೂ ‘ತಕ್ಕಡಿ’ ಅಂತಾರೆ. ಇವರಿಬ್ಬರ ಕೆಲಸ ಏನು ಗೊತ್ತಾ? ವಕೀಲರ ಆಫೀಸಿನವರು ಹಳೇ ಕಂಪ್ಯೂಟರಿನ ಕೇಸುಗಳನ್ನೆಲ್ಲ ಹೊಸದಕ್ಕೆ ಸಾಗಿಸಬೇಕು ಅಂದಾಗ, ಹೋಗಿ ನೋಡಿ, ಎಷ್ಟು ಕೆಲಸ, ಎಷ್ಟು ದರ ಅಂತ ಹೇಳೋದು. ತಕ್ಕಡಿ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೇಳಿಬಿಡ್ತಾನೆ. ಇವಳ ಲೆಕ್ಕ ಸರಿಬಿದ್ದದ್ದೇ ಅಪರೂಪ. ಸಾಹೇಬರು “ತಕ್ಕಡೀನ ಒಂದ್ಮಾತು ಕೇಳಿ” ಅಂದಾಗೆಲ್ಲ ಇವಳಿಗೆ ಮೈಯೆಲ್ಲ ಉರಿ.

ಈ ಸಲ ಇಬ್ಬರನ್ನೂ ಒಂದೇ ಆಫೀಸಿಗೆ ಕಳಿಸಿದ್ರು. ವಕೀಲರು ಯಾರ ದರ ಒಪ್ತಾರೋ ಅವರೇ ತಂಡಕ್ಕೆ ಮುಖ್ಯಸ್ಥರು. ಅಲ್ಲಿ ಹಿರಿಯ ವಕೀಲರೊಬ್ಬರು ತೀರಿಕೊಂಡಿದ್ರು. ಹೊಸ ಕಂಪ್ಯೂಟರೋ, ಪ್ರತಿ ಕೇಸಿಗೂ ಬದುಕಿರೋ ವಕೀಲರ ಹೆಸರು ಕೇಳುತ್ತೆ. ಸತ್ತವರ ಕೇಸುಗಳನ್ನ ಒಂದೊಂದಾಗಿ ವಿಚಾರಿಸಿ ಹಂಚಬೇಕು ಅಂತ ತಕ್ಕಡಿ ಅದಕ್ಕೂ ದರ ಸೇರಿಸಿದ. ಇವಳು? “ಎಲ್ಲಾನೂ ಯಾರದೋ ಒಬ್ಬರ ಹೆಸರಿಗೆ ಸುರಿದ್ರಾಯ್ತು” ಅಂತ ಆ ಕೆಲಸವನ್ನೇ ಕೈಬಿಟ್ಟಳು. ದರ ಅರ್ಧಕ್ಕಿಳೀತು. ಅದನ್ನ ಕಳಿಸಿಯೇ ಆವತ್ತು ಮನೆಗೆ ಹೊರಟಿದ್ದು.

ಬಾವಿ ಹತ್ರ ಬಂದಳು... ಜಾಲರಿ ಕಿರ್ರ್... ಅಂತು. ಗಾಳಿ ಇಲ್ಲ. ಆಮೇಲೆ ಕಾಗದ ಮಗುಚೋ ಸದ್ದು. ಪರ್... ಪರ್... ಒಂದೊಂದೇ ಹಾಳೆ. ಬೆನ್ನ ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡರು.

“ನನ್ನ ಕೇಸುಗಳನ್ನ... ಯಾರ ಹೆಸರಿಗೆ ಹಾಕ್ದೆ, ತಾಯಿ?”

ತಿರುಗೋಣ ಅಂದ್ರೆ ಕತ್ತೇ ಹೊರಳಲಿಲ್ಲ.

“ಇ... ಇನ್ನೂ ಯಾರಿಗೂ ಇಲ್ಲ, ಸಾರ್.”

“ಮಕ್ಕಳ ಹಾಗೆ ಸಾಕಿದ್ದು. ಬೇರೆಯವರು ಮುಟ್ಟಿದ್ರೆ ನಂಗೆ ತಡಿಯೋಕಾಗಲ್ಲ.”

ಆ ದನಿಯಲ್ಲಿ ಎಂಥಾ ಉರಿ ಅಂತೀರಿ! ಇವಳಿಗೆ ಅದರ ಗುರುತು ಹತ್ತಿತು. ದಿನಾ ತಾನೇ ಹೊತ್ತುಕೊಂಡು ತಿರುಗ್ತಿದ್ದದ್ದಲ್ವಾ!

“ಹೇಳು... ಯಾರು ಮುಟ್ತಾರೆ?”

ನಮ್ಮಕ್ಕ ಒಳ್ಳೆಯವಳೇ, ಇಲ್ಲ ಅನ್ನಲ್ಲ. ಆದರೆ ಆ ಹೊತ್ತಲ್ಲಿ ಅವಳ ಬಾಯಿಗೆ ಬಂದಿದ್ದು ಒಂದೇ ಹೆಸರು.

“ತಕ್ಕಡಿ,” ಅಂದಳು.

ಹಾಳೆ ಸದ್ದು ನಿಂತಿತು. ದಡಕ್ ಅಂತ ಜಾಲರಿ ಬಿತ್ತು... ಅಷ್ಟೇ.

ವಕೀಲರು ಇವಳ ದರವನ್ನೇ ಒಪ್ಪಿದರು. ಮುಖ್ಯಸ್ಥೆಯೂ ಆದಳು. ತಕ್ಕಡಿಗೆ ಏನೂ ಆಗಿಲ್ಲ. ಕೆಲಸಕ್ಕೆ ಬರ್ತಾನೆ, ನಗ್ತಾನೆ. ಆದರೆ ಆ ಮರುದಿನದಿಂದ ಎಡಗೈಯಲ್ಲಿ ಬರೀತಾನೆ. ಯಾಕೋ ಅಂದ್ರೆ, “ನಾನು ಮೊದಲಿಂದಲೂ ಹೀಗೇ ಅಲ್ವಾ?” ಅಂತಾನೆ. ತೀರಿಕೊಂಡ ವಕೀಲರು ಎಡಚರು ಅಂತ ಇವಳಿಗೆ ಗೊತ್ತಾಗಿದ್ದು ಆಮೇಲೆ.

ಸುಳ್ಳಾದ್ರೆ ನನ್ನ ನಾಲಿಗೆ ಬಿದ್ದುಹೋಗಲಿ. ಅವನು ಬರೆಯೋದನ್ನ ನಾನೇ ಹೋಗಿ ಕಣ್ಣಾರೆ ನೋಡಿ ಬಂದಿದ್ದೀನಿ. ಅಕ್ಕನಿಗೆ ಇವತ್ತಿಗೂ ಸರಿಯಾಗಿ ನಿದ್ದೆ ಇಲ್ಲ... ಹೆದರಿಕೆಗಲ್ಲ. ಎಡಗೈಯಲ್ಲಿ ಬರೆದರೂ ಅವನ ಅಕ್ಷರ ತನ್ನದಕ್ಕಿಂತ ದುಂಡಗಿದೆಯಲ್ಲ ಅಂತ.